ಡಬ್ಲಿನ್ ಪಬ್‌ಗಳಲ್ಲಿ ಸ್ಟೌಟ್ ರುಚಿ ನೋಡ್ತಾ ಮ್ಯೂಸಿಕ್ ಕೇಳೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಡಬ್ಲಿನ್‌ಗೆ ಹೊಸದಾಗಿ ಬರೋ ನಮ್ಮ ಕನ್ನಡದವರು ಫೋನಲ್ಲಿ, ವಾಟ್ಸಾಪಲ್ಲಿ, ಯುಗಾದಿ ಊಟಕ್ಕೆ ಪಕ್ಕದಲ್ಲಿ ಕೂತಾಗ ಕೇಳಿರೋ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಹಾಕಿದೀನಿ. ಪ್ರಶ್ನೆಗಳು ಅವರು ಕೇಳಿದ ಹಾಗೇ ಇವೆ. ಯಾವುದನ್ನ ಬೇಕಾದ್ರೂ ಮೊದಲು ಓದ್ಬೋದು, ಆದ್ರೆ ಮೊದಲ ಸಲ ಹೋಗೋರು ಮೇಲಿಂದ ಬನ್ನಿ.

## ಮೊದಲ ಸಲ ಹೋಗೋರಿಗೆ

ಸ್ಟೌಟ್ ಅಂದ್ರೆ ಏನ್ ಗುರು, ಮಾಮೂಲಿ ಬಿಯರ್‌ಗೂ ಇದಕ್ಕೂ ಏನ್ ವ್ಯತ್ಯಾಸ?

ಇದೂ ಬಿಯರ್ರೇ. ನೀರು, ಬಾರ್ಲಿ, ಹಾಪ್ಸ್ ಅನ್ನೋ ಕಹಿ ಹೂವು, ಯೀಸ್ಟ್, ಅಷ್ಟೇ. ವ್ಯತ್ಯಾಸ ಇರೋದು ಹುರಿಯೋದ್ರಲ್ಲಿ. ಐರಿಷ್ ಸ್ಟೌಟ್‌ಗೆ ಒಂದಿಷ್ಟು ಬಾರ್ಲಿನ ಮೊಳಕೆ ಬರಿಸದೇನೇ, ಕಾಫಿ ಬೀಜ ಹುರಿದ ಹಾಗೆ ಕಪ್ಪಗಾಗೋವರೆಗೂ ಹುರಿದು ಹಾಕ್ತಾರೆ. ಬಣ್ಣ, ಕಾಫಿ ಥರದ ಕಹಿ, ಆ ಸುಟ್ಟ ವಾಸನೆ ಎಲ್ಲಾ ಅಲ್ಲಿಂದಾನೇ ಬರೋದು. ಮನೇಲಿ ಫಿಲ್ಟರ್‌ನಿಂದ ಇಳಿದ ಗಟ್ಟಿ ಡಿಕಾಕ್ಷನ್‌ನ ಹಾಲು ಸಕ್ಕರೆ ಹಾಕೋ ಮುಂಚೆ ಒಂದು ಗುಟುಕು ಕುಡಿದು ನೋಡಿರೋರಿಗೆ ಈ ಕಹಿ ಹೊಸದು ಅನ್ಸಲ್ಲ. ನಾನಂತೂ ಕಾಫಿ ಮನೆಯಿಂದ ಬಂದೋನು, ಮೊದಲ ಗುಟುಕಿಗೇ ಪರಿಚಯದ ವಾಸನೆ ಅನ್ನಿಸ್ತು. ಇನ್ನೊಂದು, ಇದು ಕಪ್ಪು ಅಂತಾರೆ ಆದ್ರೆ ಗ್ಲಾಸ್‌ನ ಬೆಳಕಿಗೆ ಹಿಡಿದು ನೋಡಿ, ಅಂಚಲ್ಲಿ ಮಾಣಿಕ್ಯದ ಥರ ಕೆಂಪು ಕಾಣತ್ತೆ.

ಇಷ್ಟ್ ಕಪ್ಪಗಿದೆ, ತುಂಬಾ ಸ್ಟ್ರಾಂಗಾ? ಒಂದ್ ಪೈಂಟ್‌ಗೇ ಟೈಟ್ ಆಗ್ತೀನಾ?

ಬಣ್ಣಕ್ಕೂ ಸ್ಟ್ರೆಂತ್‌ಗೂ ಸಂಬಂಧ ಇಲ್ಲ. ಡ್ರಾಫ್ಟ್ ಗಿನ್ನೆಸ್, ಅಂದ್ರೆ ನಲ್ಲಿಯಿಂದ ಹಿಡಿದು ಕೊಡೋ ಇಲ್ಲಿನ ಫೇಮಸ್ ಸ್ಟೌಟ್, ಶೇಕಡಾ 4.2 ಆಲ್ಕೋಹಾಲ್, ನಮ್ಮೂರಲ್ಲಿ ಸ್ಟ್ರಾಂಗ್ ಅಂತ ಮಾರೋ ಬಿಯರ್‌ಗಿಂತ ಎಷ್ಟೋ ಕಡಿಮೆ. ಹೊಟ್ಟೆ ತುಂಬೋಗತ್ತೆ, ಊಟ ಮಾಡಿದಂಗೆ ಅಂತಾನೂ ಹೇಳ್ತಾರೆ, ಅದು ನೊರೆ ದಪ್ಪ ಇರೋದ್ರಿಂದ ಬರೋ ಅನಿಸಿಕೆ, ಒಂದು ಪೈಂಟ್‌ಗೆ ಸುಮಾರು 210 ಕ್ಯಾಲೊರಿ ಅಷ್ಟೇ. ಆದ್ರೆ ಇಲ್ಲಿನ ಪೈಂಟ್ ಅಂದ್ರೆ 568 ಎಂಎಲ್, ಒಂದು ಪೈಂಟ್ ಅಂದ್ರೆ ಇಲ್ಲಿನ ಲೆಕ್ಕದಲ್ಲಿ ಹತ್ತಿರ ಹತ್ತಿರ ಎರಡು ಸ್ಟಾಂಡರ್ಡ್ ಡ್ರಿಂಕ್, ಅದನ್ನ ಮರೀಬೇಡಿ. ಗಾಡಿ ಮನೇಲೇ ಬಿಟ್ಟು ಬನ್ನಿ, ಲುವಾಸ್ ಟ್ರ್ಯಾಮ್, ಬಸ್ಸು ಎಲ್ಲಾ ಇದೆ. ಹೊಸ ಲೈಸೆನ್ಸ್‌ನವರಿಗೆ ಇಲ್ಲಿ ಲಿಮಿಟ್ ಇನ್ನೂ ಕಡಿಮೆ, ಅರ್ಧ ಪೈಂಟ್ ಕುಡಿದ್ರೂ ಸ್ಟೀರಿಂಗ್ ಮುಟ್ಟೋ ಯೋಚನೆ ಬೇಡ.

ಕೌಂಟರಲ್ಲಿ ಹೋಗಿ ಏನಂತ ಕೇಳ್ಬೇಕು? ಬಾರ್‌ನವನು ಅರ್ಧ ತುಂಬಿಸಿ ಹಂಗೇ ಬಿಟ್ಟು ಹೋಗ್ಬಿಟ್ಟ!

ಬಿಟ್ಟು ಹೋಗಿಲ್ಲ, ಅದು ಕೂರ್ಲಿ ಅಂತ ಇಟ್ಟಿದಾನೆ. ಗ್ಲಾಸ್‌ನ ಓರೆ ಹಿಡಿದು ಮುಕ್ಕಾಲು ಭಾಗ ತುಂಬಿಸ್ತಾರೆ, ಆಮೇಲೆ ಆ ಕಂದು ಬಣ್ಣದ ಅಲೆಗಳೆಲ್ಲ ಅಡಗಿ ಕೆಳಗೆ ಕಪ್ಪು ಮೇಲೆ ಬಿಳಿ ಅಂತ ಬೇರೆ ಆಗೋವರೆಗೂ ಕಾಯ್ತಾರೆ, ಆಮೇಲೆ ಹಿಡಿನ ಹಿಂದಕ್ಕೆ ತಳ್ಳಿ ನಿಧಾನಕ್ಕೆ ಮೇಲಿನದ್ದು ತುಂಬಿಸ್ತಾರೆ. ಗಿನ್ನೆಸ್‌ನವರು ಇದಕ್ಕೆ ಹೇಳೋ ಲೆಕ್ಕ 119.5 ಸೆಕೆಂಡ್. ಮಧ್ಯದಲ್ಲಿ ಕೈ ಚಾಚಿ ಗ್ಲಾಸ್ ಎತ್ಕೋಬೇಡಿ, ಕೊಟ್ಟ ಮೇಲೂ ಪೂರ್ತಿ ಕಪ್ಪಾಗೋವರೆಗೂ ತಡೀರಿ.

ಪೂರ್ತಿ ಬೇಕಂದ್ರೆ ಪೈಂಟ್ ಅನ್ನಿ, ಅರ್ಧ ಬೇಕಂದ್ರೆ "ಗ್ಲಾಸ್" ಅನ್ನಿ, ಇಲ್ಲಿ ಗ್ಲಾಸ್ ಅಂದ್ರೆ ಅರ್ಧ ಪೈಂಟ್ ಅಂತಾನೇ ಅರ್ಥ. ರುಚಿ ನೋಡಕ್ಕೆ ಬಂದಿರೋರು ಗ್ಲಾಸೇ ಕೇಳಿ, ಯಾರೂ ಏನೂ ಅಂದ್ಕೊಳಲ್ಲ. ಮೊದಲ ಗುಟುಕು ಮಾತ್ರ ಸ್ವಲ್ಪ ದೊಡ್ಡದಾಗಿ ತಗೊಳ್ಳಿ, ನೊರೆ ಕೆಳಗಿರೋ ಕಪ್ಪು ಬಾಯಿಗೆ ಬರ್ಬೇಕು. ಬರೀ ನೊರೆ ನೆಕ್ಕಿ "ಕಹಿ" ಅಂತ ಇಟ್ಟುಬಿಡೋರನ್ನ ನೋಡಿದ್ರೆ ನಂಗೆ ನಿಜವಾಗ್ಲೂ ಬೇಜಾರಾಗತ್ತೆ, ಯಾಕಂದ್ರೆ ಕಹಿ ಜಾಸ್ತಿ ಇರೋದೇ ಆ ನೊರೆಲಿ.

ಸರ್, ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಚೆನ್ನಾಗಿರೋ ಒಂದು ಪಬ್ ಹೇಳಿ

ಅತಿ ಹೆಚ್ಚು ಬರೋ ಪ್ರಶ್ನೆ ಇದು. ಡಬ್ಲಿನ್ ಪಬ್‌ಗಳನ್ನ ನಾನು ಮೂರು ಥರ ನೋಡ್ತೀನಿ.

ಒಂದು, ಮೈಕು ಸ್ಪೀಕರ್ ಇಟ್ಕೊಂಡು ಗಿಟಾರ್ ಹಿಡಿದು ಜನ ಎಲ್ಲಾ ಸೇರಿ ಹಾಡೋ ಹಾಡುಗಳನ್ನ ಹಾಡ್ಸೋದು, ಟೆಂಪಲ್ ಬಾರ್ ಏರಿಯಾದಲ್ಲಿ ಜಾಸ್ತಿ. ಗದ್ದಲ ಇರತ್ತೆ, ಪೈಂಟ್ ರೇಟೂ ಊರಿನ ಬೇರೆ ಕಡೆಗಿಂತ ಜಾಸ್ತಿ. ಒಂದು ಸಲ ನೋಡ್ಕೊಂಡು ಬನ್ನಿ.

ಎರಡು, ಸೆಷನ್. ನಾಲ್ಕೈದು ಜನ, ಕೆಲವು ಸಲ ಹತ್ತು ಹನ್ನೆರಡು ಜನ, ಒಂದು ಮೂಲೆಲಿ ಟೇಬಲ್ ಸುತ್ತ ಮುಖಾಮುಖಿ ಕೂತು ಪಿಟೀಲು, ಕೊಳಲು, ಎರಡು ಕೈಲಿ ಹಿಡಿದು ಹಿಗ್ಗಿಸಿ ಕುಗ್ಗಿಸೋ ಕಾನ್ಸರ್ಟಿನಾ ನುಡಿಸೋದು. ಸ್ಟೇಜ್ ಇಲ್ಲ, ಮೈಕ್ ಇಲ್ಲ. ಸ್ಮಿತ್‌ಫೀಲ್ಡ್‌ನ ಕಾಬಲ್‌ಸ್ಟೋನ್‌ಗೆ ಹೋಗಿ, ಬಾಗಿಲು ತೆಗೆದು ಒಳಗೆ ಕಾಲಿಟ್ಟ ಕೂಡ್ಲೇ ಮುಂದಿನ ಮೂಲೆಲೇ ಕೂತಿರ್ತಾರೆ, ಲುವಾಸ್ ರೆಡ್ ಲೈನ್‌ನ ಸ್ಮಿತ್‌ಫೀಲ್ಡ್ ಸ್ಟಾಪಿಂದ ನಡ್ಕೊಂಡೇ ಹೋಗ್ಬೋದು. ಮೆರಿಯನ್ ರೋನಲ್ಲಿರೋ ಓ'ಡಾನಹ್ಯೂಸ್ ಕೂಡ ಹಳೇ ಹೆಸರು, 1962ರಲ್ಲಿ ದ ಡಬ್ಲಿನರ್ಸ್ ಅನ್ನೋ ಐರಿಷ್ ಜಾನಪದ ಹಾಡುಗಳ ತಂಡ ಹುಟ್ಟಿದ್ದು ಅಲ್ಲಿ ಸೇರ್ತಿದ್ದವರಿಂದಾನೇ.

ಮೂರು, ಮ್ಯೂಸಿಕ್ಕೇ ಇಲ್ಲದ ಪಬ್. ಗ್ಲಾಸ್ನೆವಿನ್ ಸ್ಮಶಾನದ ಗೋಡೆಗೆ ಅಂಟ್ಕೊಂಡಿರೋ ಜಾನ್ ಕವನಾ, ಎಲ್ಲರೂ ಗ್ರೇವ್‌ಡಿಗ್ಗರ್ಸ್ ಅಂತಾನೇ ಕರೆಯೋದು, 1833ರಿಂದ ಇದೆ, ಅಲ್ಲಿ ಹಾಡಿಲ್ಲ ಟಿವಿ ಇಲ್ಲ. ಸ್ಟೌಟ್‌ನ ರುಚಿ ಮಾತ್ರ ಗಮನ ಕೊಟ್ಟು ನೋಡ್ಬೇಕು ಅಂದ್ರೆ ನಾನು ಮೊದಲು ಕಳ್ಸೋದು ಅಲ್ಲಿಗೆ.

ಸೆಷನ್‌ಗೆ ಮಾತ್ರ "ಬ್ಯಾಕ್‌ಗ್ರೌಂಡ್" ಅನ್ನೋ ಮಾತು ನಂಗೆ ಒಪ್ಪಲ್ಲ. ಊರಲ್ಲಿ ದೇವಸ್ಥಾನದ ಜಗಲಿ ಮೇಲೆ ಭಜನೆ ನಡೀತಿರುವಾಗ ಪಕ್ಕದಲ್ಲೇ ಕೂತು ಮಾತಾಡ್ಬೋದು, ಪ್ರಸಾದ ತಿನ್ಬೋದು, ಎದ್ದು ಹೋಗಿ ಬರ್ಬೋದು, ಆದ್ರೂ ಅದು ಭಜನೆ ಅನ್ನೋದು ಎಲ್ಲರಿಗೂ ನೆನಪಿರತ್ತಲ್ಲ, ಹಂಗೆ ಇದು.

ನಾನ್ ಪ್ಯೂರ್ ವೆಜ್. ಸ್ಟೌಟಲ್ಲಿ ಮೀನು ಹಾಕ್ತಾರೆ ಅಂತ ಯಾರೋ ಅಂದ್ರು, ನಿಜನಾ?

ಅರ್ಧ ನಿಜ. ಬಿಯರ್‌ನ ತಿಳಿ ಮಾಡಕ್ಕೆ ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಅನ್ನೋ ಅಂಟನ್ನ ಹಿಂದಿನಿಂದ ಬಳಸ್ತಿದ್ರು, ಗಿನ್ನೆಸ್‌ನವರೂ ಬಳಸ್ತಿದ್ರು, ಆಮೇಲೆ ಫಿಲ್ಟರ್ ಬದಲಾಯಿಸಿ ಅದನ್ನ ಬಿಟ್ರು. ಹಾಗಾಗಿ ಗಿನ್ನೆಸ್ ಕುಡಿಯೋಕೆ ವೆಜ್‌ನವರಿಗೆ ತೊಂದರೆ ಇಲ್ಲ. ಬೇರೆಯವರದ್ದಾದ್ರೆ ಕೇಳಿ ತಿಳ್ಕೊಳ್ಳಿ. ಆಯ್ಸ್ಟರ್ ಸ್ಟೌಟ್ ಅಂತ ಹೆಸರಿದ್ರೆ ಇನ್ನೂ ಹುಷಾರು, ಕೆಲವರು ನಿಜವಾದ ಸಿಂಪಿನೇ ಹಾಕಿ ಮಾಡ್ತಾರೆ. ಮಿಲ್ಕ್ ಸ್ಟೌಟಲ್ಲಿ ಹಾಲಿನ ಸಕ್ಕರೆ ಇರತ್ತೆ, ಹಾಲು ಆಗದೇ ಇರೋರು ಬಿಡಿ.

ತಿನ್ನಕ್ಕೆ ಅಂದ್ರೆ ಚೀಸ್ ಆನಿಯನ್ ಚಿಪ್ಸ್ ಪ್ಯಾಕೆಟ್ ಎಲ್ಲಾ ಕಡೆ ಸಿಗತ್ತೆ, ಇಲ್ಲಿ ಅದನ್ನ ಕ್ರಿಸ್ಪ್ಸ್ ಅಂತಾರೆ. ಸೌತ್ ವಿಲಿಯಂ ಸ್ಟ್ರೀಟ್‌ನ ಗ್ರೋಗನ್ಸಲ್ಲಿ ಟೋಸ್ಟಿ ಫೇಮಸ್ಸು, ಹ್ಯಾಮ್ ಬೇಡ ಅಂತ ಬಾಯಿಬಿಟ್ಟು ಹೇಳಿ. ಕೆಲವು ಹಳೇ ಪಬ್ಬಲ್ಲಿ ಅಡುಗೆಮನೇನೇ ಇರಲ್ಲ, ಊಟ ಮುಗಿಸ್ಕೊಂಡೇ ಹೋಗೋದು ಒಳ್ಳೇದು.

ಅಪ್ಪ ಅಮ್ಮ ಊರಿಂದ ಬರ್ತಿದಾರೆ, ಇಬ್ರೂ ಕುಡಿಯಲ್ಲ. ಪಬ್‌ಗೆ ಕರ್ಕೊಂಡು ಹೋದ್ರೆ ತಪ್ಪಾಗತ್ತಾ? ಪುಟ್ಟ ಮಗುನೂ ಇದೆ

ಖಂಡಿತ ಕರ್ಕೊಂಡು ಹೋಗಿ. ಇಲ್ಲಿನ ಪಬ್ ನಮ್ಮೂರಿನ ಬಾರ್ ಥರ ಕತ್ತಲೆ ರೂಮಲ್ಲ. ಅಜ್ಜಿಯರು ಟೀ ಕುಡೀತಾ ಕೂತಿರ್ತಾರೆ, 2004ರಿಂದ ಒಳಗೆ ಸಿಗರೇಟೂ ಇಲ್ಲ. 15 ವರ್ಷದೊಳಗಿನ ಮಕ್ಕಳು ದೊಡ್ಡೋರ ಜೊತೆ ರಾತ್ರಿ 9ರವರೆಗೆ ಇರ್ಬೋದು, ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ 10ರ ತನಕ. ಭಾನುವಾರ ಮಧ್ಯಾಹ್ನದ ಸೆಷನ್ ಇದ್ರೆ ಅದಕ್ಕೇ ಹೋಗಿ, ಕೂರಕ್ಕೆ ಜಾಗಾನೂ ಸಿಗತ್ತೆ.

ನಮ್ಮಪ್ಪ ಊರಲ್ಲಿ ಶನಿವಾರದ ಭಜನೆಲಿ ತಾಳ ಹಾಕೋರು. ಇಲ್ಲಿಗೆ ಬಂದಾಗ ಅಮ್ಮನ ಜೊತೆ ಒಂದು ಪಬ್‌ಗೆ ಕರ್ಕೊಂಡು ಹೋದೆ. ಮೊದಲ ಹತ್ತು ನಿಮಿಷ ಶಾಲು ಹೊದ್ದುಕೊಂಡು ಗಟ್ಟಿಯಾಗಿ ಕೂತಿದ್ರು, ಯಾರ ಮುಖಾನೂ ನೋಡ್ಲಿಲ್ಲ. ಆಮೇಲೆ ನೋಡಿದ್ರೆ ಮಂಡಿ ಮೇಲೆ ಬೆರಳು ಎಣಿಸ್ತಿದೆ. ಟ್ಯೂನ್ ಬದಲಾಯ್ತು, ಬೆರಳು ನಿಲ್ತು, ಎರಡು ಆವರ್ತ ಸುಮ್ನೆ ಕೇಳಿಸ್ಕೊಂಡ್ರು, ಆಮೇಲೆ ನನ್ನ ಕಡೆ ಬಗ್ಗಿ "ಇದು ಮೂರ್ಮೂರು ಕಣೋ, ಮೂರು ಸಲ" ಅಂದ್ರು. ಅದು ಸ್ಲಿಪ್ ಜಿಗ್ ಅನ್ನೋ ಕುಣಿತದ ಟ್ಯೂನ್, 9/8 ತಾಳ. ನಂಗೆ ಅದನ್ನ ಗುರುತು ಹಿಡಿಯಕ್ಕೆ ಎರಡು ವರ್ಷ ಬೇಕಾಗಿತ್ತು.

## ಸ್ವಲ್ಪ ರೂಢಿ ಆದವರಿಗೆ

ನುಡಿಸ್ತಿರೋವಾಗ ಮಾತಾಡ್ಬೋದಾ? ಚಪ್ಪಾಳೆ ತಟ್ಬೋದಾ? ವಿಡಿಯೋ?

ಟ್ಯೂನ್ ನಡೀತಿದ್ರೆ ಮೆಲ್ಲಗೆ ಮಾತಾಡಿ, ತೊಂದರೆ ಇಲ್ಲ. ಯಾರಾದ್ರೂ ಒಬ್ಬರೇ ವಾದ್ಯ ಇಲ್ಲದೇ ಹಾಡಕ್ಕೆ ಶುರು ಮಾಡಿದ್ರೆ, ಇಲ್ಲಾ ಸ್ಲೋ ಏರ್ ಅನ್ನೋ ತಾಳ ಇಲ್ಲದ ನಿಧಾನದ್ದು ನುಡಿಸಿದ್ರೆ ಪೂರ್ತಿ ಸುಮ್ಮನಾಗ್ಬೇಕು. ಇದನ್ನ ನಾನು ಕಲ್ತಿದ್ದು ಒಂದು ಪಬ್ಬಲ್ಲಿ ಒಬ್ಬ ಹೆಂಗಸು ಕಣ್ಣು ಮುಚ್ಚಿ ಐರಿಷ್ ಭಾಷೆಲಿ ಹಾಡ್ತಿದ್ದಾಗ ನಾನು ಫ್ರೆಂಡ್ ಜೊತೆ ರೂಮ್ ಬಾಡಿಗೆ ವಿಷಯ ಮಾತಾಡ್ತಿದ್ದೆ, ಪಕ್ಕದಲ್ಲಿದ್ದ ವಯಸ್ಸಾದವರು ನನ್ನ ಕೈ ಮೇಲೆ ಕೈ ಇಟ್ರು, ಬೈಲಿಲ್ಲ ಏನಿಲ್ಲ, ಹಾಡು ಮುಗಿಯೋವರೆಗೂ ಕೈ ತೆಗೀಲಿಲ್ಲ. ಅವತ್ತಿನ ನಾಚಿಕೆ ಇನ್ನೂ ಹೋಗಿಲ್ಲ.

ಟ್ಯೂನ್ ಜೊತೆ ಚಪ್ಪಾಳೆ ಹಾಕಿ ತಾಳ ಹಿಡಿಯೋದು ಬೇಡ, ರೂಮಿನ ತುಂಬಾ ಒಂದೊಂದು ಕೈ ಒಂದೊಂದು ಲಯದಲ್ಲಿ ಬಿದ್ರೆ ನುಡಿಸೋರಿಗೆ ಕಷ್ಟ. ಕಾಲಲ್ಲಿ ಹಾಕ್ಕೊಳ್ಳಿ. ಸೆಟ್, ಅಂದ್ರೆ ಒಂದರ ಹಿಂದೊಂದು ನುಡಿಸೋ ಟ್ಯೂನ್‌ಗಳ ಗುಂಪು, ಮುಗಿದ ಮೇಲೆ ತಟ್ಟಿ. ವಿಡಿಯೋಗೆ ಮೊದಲು ಕೇಳಿ, ಫ್ಲಾಶ್ ಬೇಡವೇ ಬೇಡ. ಮೂಲೆಲಿ ಖಾಲಿ ಸ್ಟೂಲ್ ಇದೆ ಅಂತ ಕೂತುಬಿಡ್ಬೇಡಿ, ಅದು ನುಡಿಸೋಕೆ ಬರ್ತಿರೋ ಯಾರಿಗೋ ಇಟ್ಟಿರ್ತಾರೆ.

ಎಲ್ಲಾ ಟ್ಯೂನೂ ಒಂದೇ ಥರ ಕೇಳ್ಸತ್ತೆ, ಒಂದು ಮುಗಿದು ಇನ್ನೊಂದು ಶುರುವಾಗಿದ್ದೇ ಗೊತ್ತಾಗಲ್ಲ

ಮೊದಮೊದಲು ಎಲ್ಲರಿಗೂ ಹಂಗೇ. ಒಂದು ಟ್ಯೂನಲ್ಲಿ ಸಾಮಾನ್ಯವಾಗಿ ಎರಡು ಭಾಗ, ಒಂದೊಂದನ್ನ ಎರಡೆರಡು ಸಲ ನುಡಿಸ್ತಾರೆ, ಹಿಂಗೆ ಇಡೀ ಟ್ಯೂನ್ ಎರಡೋ ಮೂರೋ ಸುತ್ತು. ಆಮೇಲೆ ನಿಲ್ಲಿಸದೇನೇ ಮುಂದಿನ ಟ್ಯೂನ್‌ಗೆ ಹಾರ್ತಾರೆ, ಎರಡು ಮೂರು ಟ್ಯೂನ್ ಸೇರಿ ಒಂದು ಸೆಟ್. ಪಲ್ಲವಿ ಚರಣ ಅಂತ ಅಂದ್ಕೊಂಡು ಕೇಳಿ, ಎರಡನೇ ಭಾಗ ಸಾಮಾನ್ಯವಾಗಿ ಮೇಲಿನ ಸ್ವರಗಳಿಗೆ ಏರತ್ತೆ.

ತಾಳ ಹಿಡಿಯಕ್ಕೆ ನಮ್ಮ ಕೊನ್ನಕೋಲ್, ಅಂದ್ರೆ ಬಾಯಲ್ಲೇ ಹೇಳೋ ತಾಳದ ಸೊಲ್ಲು, ಸಾಕು. ಬಾಯಲ್ಲಿ "ತಕದಿಮಿ ತಕದಿಮಿ" ಕೂತ್ರೆ ರೀಲ್ ಅನ್ನೋ ಥರದ ಟ್ಯೂನ್. "ತಕಿಟ ತಕಿಟ" ಕೂತ್ರೆ ಜಿಗ್. ಮೂರು "ತಕಿಟ" ಬಂದ್ರೆ ಸ್ಲಿಪ್ ಜಿಗ್. ಹಾರ್ನ್‌ಪೈಪ್ ಕೂಡ ತಕದಿಮಿನೇ, ಆದ್ರೆ ಕುಂಟೋಬಿಲ್ಲೆ ಆಡಿದ ಹಾಗೆ ಕುಣೀತಾ ಹೋಗತ್ತೆ. ಟ್ಯೂನ್ ಬದಲಾಗೋ ಜಾಗದಲ್ಲಿ ಶ್ರುತಿನೂ ಎಷ್ಟೋ ಸಲ ಬದಲಾಗತ್ತೆ, ಇಡೀ ಟೇಬಲ್ ಒಂದೇ ಸಲ ಎದ್ದ ಹಾಗೆ ಅನ್ಸತ್ತೆ, ಯಾರೋ ಒಬ್ಬರು "ಹುಪ್" ಅಂತಾರೆ. ನಾನು ವಾರ ಪೂರ್ತಿ ಕಾಯೋದು ಆ ಒಂದು ಕ್ಷಣಕ್ಕೆ. ಒಂದು ಸೆಟ್‌ಗೆ ನಾಲ್ಕೈದು ನಿಮಿಷ, ಸೆಟ್ ಮುಗಿದಾಗ ಎದ್ದು ಹೋಗಿ ಆರ್ಡರ್ ಹೇಳಿ ಬನ್ನಿ, ಮುಂದಿನ ಸೆಟ್ ಶುರುವಾಗೋಷ್ಟರಲ್ಲಿ ನಿಮ್ಮ ಸ್ಟೌಟ್ ಕೌಂಟರ್ ಮೇಲೆ ಕೂತು ಕಪ್ಪಾಗ್ತಿರತ್ತೆ.

ಗಿನ್ನೆಸ್ ಕುಡಿದಾಯ್ತು, ಬೇರೆ ಯಾವ್ದು ಟ್ರೈ ಮಾಡ್ಲಿ? ಯಾವ್ದು ಮೊದಲು ಯಾವ್ದು ಆಮೇಲೆ?

ಕಾರ್ಕ್ ಊರಿನ ಕಡೆಯಿಂದ ಎರಡಿವೆ, ಮರ್ಫೀಸ್ ಮತ್ತು ಬೀಮಿಶ್. ಮರ್ಫೀಸ್ ಮೆತ್ತಗೆ, ಸ್ವಲ್ಪ ಚಾಕೊಲೇಟ್ ಕಡೆಗೆ, ಕಹಿ ಕಡಿಮೆ, ಗಿನ್ನೆಸ್ ಒಗ್ಗದವರಿಗೆ ನಾನು ಇದನ್ನೇ ಹೇಳೋದು. ಬೀಮಿಶ್ ಇನ್ನೂ ಒಣ ಒಣ, ಹುರಿದ ರುಚಿ ಜೋರು. ಕಾರ್ಲೋ ಕಡೆಯ ಓ'ಹಾರಾಸ್ ನನ್ನ ಇಷ್ಟದ್ದು, ಕಾಫಿ ರುಚಿ ಎದ್ದು ಕಾಣತ್ತೆ, ಅವರದ್ದೇ ಲೆಯನ್ ಫೊಲ್ಲಾನ್ ಅಂತ ಇನ್ನೊಂದು ಶೇಕಡಾ 6ರದ್ದು. ಟೆಂಪಲ್ ಬಾರ್ ಹತ್ತಿರ 1996ರಲ್ಲಿ ಶುರುವಾದ ಪೋರ್ಟರ್‌ಹೌಸ್‌ನವರು ತಮ್ಮದೇ ಪೋರ್ಟರ್ರು (ಸ್ಟೌಟ್ ಮನೆತನದ್ದೇ ಬಿಯರ್), ಸ್ಟೌಟು ಮಾಡ್ತಾರೆ, ಹೋಲಿಸಿ ನೋಡಕ್ಕೆ ಒಳ್ಳೇದು. ಗಿನ್ನೆಸ್‌ನದ್ದೇ ಫಾರಿನ್ ಎಕ್ಸ್‌ಟ್ರಾ ಬಾಟ್ಲಿಲಿ ಬರತ್ತೆ, ಇಲ್ಲಿ ಸಿಗೋದು ಶೇಕಡಾ 7.5, ಬೆಲ್ಲದ ಪಾಕ ಸುಟ್ಟ ಹಾಗಿರತ್ತೆ.

ಹಗುರದಿಂದ ಭಾರಕ್ಕೆ ಹೋಗಿ. ಮೊದಲೇ 7.5ರದ್ದು ಕುಡಿದ್ರೆ ಆಮೇಲೆ 4.2 ನೀರು ಅನ್ಸತ್ತೆ. ಒಂದು ಸಂಜೆಗೆ ಮೂರು ಅರ್ಧ ಗ್ಲಾಸ್ ಸಾಕು, ಮಧ್ಯೆ ಮಧ್ಯೆ ನೀರು ಕುಡೀರಿ, ನಲ್ಲಿ ನೀರು ಕೇಳಿದ್ರೆ ಕೊಡ್ತಾರೆ. ಮೂರು ದಾಟಿದ ಮೇಲೆ ನೀವು ಹೇಳೋ ರುಚಿಯ ಮಾತು ನಂಬೋಕಾಗಲ್ಲ, ಟ್ಯೂನೂ ಕಿವಿಗೆ ಇಳಿಯಲ್ಲ.

ಆಫೀಸ್‌ನವರು ರೌಂಡ್ ರೌಂಡ್ ಅಂತಾರೆ, ನಾನು ನಿಧಾನಕ್ಕೆ ಕುಡಿಯೋನು, ಏನ್ ಮಾಡ್ಲಿ?

ಒಬ್ಬರು ಎಲ್ಲರಿಗೂ ತರ್ತಾರೆ, ಮುಂದಿನ ಸಲ ಇನ್ನೊಬ್ಬರು, ಅದು ರೌಂಡು. ಅದರಲ್ಲಿ ಸೇರ್ಕೊಂಡು ನಿಮ್ಮ ಸರದಿ ಬಂದಾಗ ಎದ್ದು ಹೋದ್ರೆ ಕೆಟ್ಟ ಹೆಸರು. ಹಾಗಾಗಿ ಶುರುಲೇ "ನಾನು ನನ್ನದು ನಾನೇ ತಗೋತೀನಿ" ಅಂದ್ಬಿಡಿ, ಯಾರೂ ಬೇಜಾರು ಮಾಡ್ಕೊಳಲ್ಲ. ಇಲ್ಲಾ ಮಧ್ಯದಲ್ಲಿ ಗಿನ್ನೆಸ್ 0.0 ತಗೊಳ್ಳಿ, ನೋಡಕ್ಕೆ ಅದೇ ಥರ ಇರತ್ತೆ, ರುಚಿನೂ ತೀರಾ ದೂರ ಇಲ್ಲ.

ಒಳ್ಳೇ ಪೈಂಟ್ ಯಾವ್ದು, ಕೆಟ್ಟದ್ದು ಯಾವ್ದು ಅಂತ ಹೆಂಗ್ ಕಂಡುಹಿಡಿಯೋದು?

ಗ್ಲಾಸ್ ನೋಡಿ. ಒಳಗಿನ ಗೋಡೆಗೆ ಗುಳ್ಳೆಗಳು ಅಂಟ್ಕೊಂಡಿದ್ರೆ ಗ್ಲಾಸ್ ಸರಿಯಾಗಿ ತೊಳೆದಿಲ್ಲ, ಜಿಡ್ಡಿದೆ ಅಂತ. ಗ್ಲಾಸ್ ಚೊಕ್ಕವಾಗಿದ್ರೆ ಪ್ರತಿ ಗುಟುಕಿಗೂ ನೊರೆ ಒಂದೊಂದು ಉಂಗುರ ಬಿಟ್ಟು ಕೆಳಗಿಳಿಯತ್ತೆ, ಕುಡಿದು ಮುಗಿಸಿದಾಗ ಎಷ್ಟು ಗುಟುಕು ಅಂತ ಎಣಿಸ್ಬೋದು. ನೊರೆ ಕೊನೇ ಗುಟುಕಿನವರೆಗೂ ಉಳೀಬೇಕು. ಹುಳಿ ವಾಸನೆ, ಬೆಣ್ಣೆ ಹಳಸಿದ ವಾಸನೆ ಬಂದ್ರೆ ಪೈಪ್ ಕ್ಲೀನ್ ಮಾಡಿಲ್ಲ, ವಾಪಸ್ ಕೊಡಿ, ಬದಲಾಯಿಸಿ ಕೊಡ್ತಾರೆ. ಇನ್ನು ಸ್ಟೌಟ್ ಜಾಸ್ತಿ ಖರ್ಚಾಗೋ ಪಬ್ಬಲ್ಲಿ ಬ್ಯಾರಲ್ ಬೇಗ ಬೇಗ ಬದಲಾಗ್ತಿರತ್ತೆ, ತಾಜಾ ಸಿಗತ್ತೆ. ಪೂಲ್‌ಬೆಗ್ ಸ್ಟ್ರೀಟ್‌ನ ಮಲ್ಲಿಗನ್ಸ್‌ಗೆ ಇಷ್ಟು ಹೆಸರು ಬಂದಿರೋದಕ್ಕೆ ಅದೂ ಒಂದು ಕಾರಣ ಅಂತ ನನ್ನ ನಂಬಿಕೆ.

## ಇನ್ನೂ ಆಳಕ್ಕೆ ಇಳಿಯೋರಿಗೆ

ಗುಳ್ಳೆಗಳು ಮೇಲೆ ಹೋಗೋದು ಬಿಟ್ಟು ಕೆಳಗೆ ಇಳೀತಿವೆಯಲ್ಲ, ನನ್ನ ಕಣ್ಣು ಸರಿ ಇದೆಯಾ?

ಸರಿಯಾಗೇ ಇದೆ. ಮಾಮೂಲಿ ಬಿಯರಲ್ಲಿ ಇರೋದು ಕಾರ್ಬನ್ ಡೈಆಕ್ಸೈಡ್. ಡ್ರಾಫ್ಟ್ ಸ್ಟೌಟಲ್ಲಿ ನೈಟ್ರೋಜನ್ನೇ ಹೆಚ್ಚಿರೋ ಮಿಶ್ರಣ ಹಾಕ್ತಾರೆ, ಗಿನ್ನೆಸ್‌ನಲ್ಲಿ ಕೆಲಸ ಮಾಡ್ತಿದ್ದ ಗಣಿತಜ್ಞ ಮೈಕಲ್ ಆಶ್ ಇದನ್ನ ಸಾಧಿಸಿ 1959ರಲ್ಲಿ ಹೊರಗೆ ಬಂತು. ನೈಟ್ರೋಜನ್ ದ್ರವದಲ್ಲಿ ಸುಲಭಕ್ಕೆ ಕರಗಲ್ಲ, ಒತ್ತಡದಲ್ಲಿ ಇಟ್ಟು ನಲ್ಲಿಯೊಳಗಿನ ಸಣ್ಣ ಸಣ್ಣ ತೂತಿರೋ ತಟ್ಟೆ ಮೂಲಕ ಹಾಯಿಸಿದಾಗ ತುಂಬಾ ಚಿಕ್ಕ ಗುಳ್ಳೆಗಳಾಗಿ ಹೊರಗೆ ಬರತ್ತೆ. ಕೆನೆ ಥರದ ನೊರೆಗೆ ಕಾರಣ ಇದೇ. ಈಗ ಗ್ಲಾಸ್ ನೋಡಿ, ಮೇಲೆ ಅಗಲ ಕೆಳಗೆ ಕಿರಿದು. ಗುಳ್ಳೆಗಳು ನೆಟ್ಟಗೆ ಮೇಲೇರುವಾಗ ಓರೆ ಗೋಡೆಯಿಂದ ದೂರ ಸರೀತವೆ, ಗೋಡೆ ಪಕ್ಕದ ದ್ರವದಲ್ಲಿ ಗುಳ್ಳೆ ಕಡಿಮೆಯಾಗಿ ಅದು ಭಾರ ಆಗತ್ತೆ, ಕೆಳಗೆ ಜಾರತ್ತೆ, ಜಾರುವಾಗ ಪಕ್ಕದ ಪುಟಾಣಿ ಗುಳ್ಳೆಗಳನ್ನೂ ಎಳ್ಕೊಂಡು ಹೋಗತ್ತೆ. ನಡುವೆ ಎಲ್ಲಾ ಮೇಲಕ್ಕೇ ಹೋಗ್ತಿರತ್ತೆ, ಆದ್ರೆ ಕಪ್ಪಿನೊಳಗೆ ನಮಗೆ ಕಾಣೋದು ಗೋಡೆ ಹತ್ತಿರದ್ದು ಮಾತ್ರ.

ಪೋರ್ಟರ್, ಸ್ಟೌಟ್ ಎರಡೂ ಒಂದೇನಾ ಬೇರೆನಾ?

ಒಂದೇ ಮನೆತನ. ಪೋರ್ಟರ್ 18ನೇ ಶತಮಾನದ ಲಂಡನ್‌ದು, ಮೂಟೆ ಹೊರೋ ಹಮಾಲಿಗಳು ಹೆಚ್ಚು ಕುಡೀತಿದ್ರಿಂದ ಆ ಹೆಸರು. ಅದರಲ್ಲೇ ಗಟ್ಟಿಯಾಗಿರೋದಕ್ಕೆ ಸ್ಟೌಟ್ ಪೋರ್ಟರ್ ಅಂತಿದ್ರು, ಬರ್ತಾ ಬರ್ತಾ ಸ್ಟೌಟ್ ಅನ್ನೋ ಪದ ಮಾತ್ರ ಉಳೀತು. ಆರ್ಥರ್ ಗಿನ್ನೆಸ್ 1759ರಲ್ಲಿ ಸೇಂಟ್ ಜೇಮ್ಸ್ ಗೇಟ್ ಜಾಗನ ವರ್ಷಕ್ಕೆ 45 ಪೌಂಡ್‌ನಂತೆ 9000 ವರ್ಷಕ್ಕೆ ಲೀಸ್‌ಗೆ ತಗೊಂಡು ಮೊದಲು ಏಲ್ ಅನ್ನೋ ಇನ್ನೊಂದು ಥರದ ಬಿಯರ್ ಮಾಡ್ತಿದ್ದ, 1799ರಲ್ಲಿ ಏಲ್ ನಿಲ್ಲಿಸಿ ಪೂರ್ತಿ ಪೋರ್ಟರ್‌ಗೆ ಬಂದ. 1817ರಲ್ಲಿ ಡೇನಿಯಲ್ ವೀಲರ್ ಅನ್ನೋರು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಹುರಿಯೋ ತಿರುಗೋ ಡ್ರಮ್‌ಗೆ ಪೇಟೆಂಟ್ ತಗೊಂಡ್ರು, ಬೆಂಕಿಗೆ ನೇರ ಸುಡದೇ ಒಂದೇ ಸಮ ಕಪ್ಪಾಗೋ ಮಾಲ್ಟ್ ಸಿಕ್ತು, ಸ್ವಲ್ಪ ಹಾಕಿದ್ರೂ ಬಣ್ಣ ಬರತ್ತೆ. ಮೊಳಕೆ ಬರಿಸದ ಬಾರ್ಲಿ ಬಳಸಕ್ಕೆ ದಾರಿಯಾಗಿದ್ದು 1880ರಲ್ಲಿ ಮಾಲ್ಟ್ ಮೇಲಿನ ತೆರಿಗೆ ತೆಗೆದ ಮೇಲೆ. ಇವತ್ತು ನಾವು ಐರಿಷ್ ಸ್ಟೌಟ್ ಅಂತ ಗುರುತಿಸೋ ಆ ಒಣ ಕಹಿ ಆ ತೆರಿಗೆ ಹೋದದ್ದರ ಫಲ.

ನಾನು ಕರ್ನಾಟಕ ಸಂಗೀತ ಕಲ್ತಿದೀನಿ. ಈ ಟ್ಯೂನ್‌ಗಳಲ್ಲಿ ರಾಗ ಇದೆಯಾ?

ರಾಗ ಅಂತ ಇಲ್ಲ, ಸ್ವರಗಳ ಮೇಳ ಇದೆ. ಮೇಜರ್ ಅಂದ್ರೆ ನಮ್ಮ ಶಂಕರಾಭರಣದ ಸ್ವರಗಳು, ಮಿಕ್ಸೊಲಿಡಿಯನ್ ಅಂದ್ರೆ ಹರಿಕಾಂಭೋಜಿಯದ್ದು, ಡೋರಿಯನ್ ಅಂದ್ರೆ ಖರಹರಪ್ರಿಯದ್ದು. ಸೆಷನಲ್ಲಿ ಡೋರಿಯನ್ ತುಂಬಾ ಬರತ್ತೆ, ಮೊದಲ ಸಲ ಕೇಳಿದಾಗ ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ಸಿದ್ರೆ ಕಾರಣ ಅದು. ಗಮಕ ಮಾತ್ರ ಹುಡುಕಬೇಡಿ. ಇವರ ಅಲಂಕಾರ ಕಟ್ ಮತ್ತು ರೋಲ್, ಒಂದೇ ಸ್ವರನ ಬೆರಳು ಮುಟ್ಟಿಸಿ ಪಟ್ ಅಂತ ತುಂಡು ಮಾಡೋದು, ಜಾರೋದೂ ಇದೆ ಆದ್ರೆ ನಮ್ಮ ಗಮಕದಷ್ಟಲ್ಲ. ಸ್ಲೋ ಏರಲ್ಲಿ ಮಾತ್ರ ಸ್ವಲ್ಪ ಎಳೆತ ಸಿಗತ್ತೆ, ಅದರಲ್ಲೂ ಇಲಿಯನ್ ಪೈಪ್ಸ್‌ನಲ್ಲಿ. ಅದು ಬಾಯಲ್ಲಿ ಊದೋದಲ್ಲ, ಮೊಣಕೈ ಕೆಳಗೆ ತಿದಿ ಕಟ್ಕೊಂಡು ಒತ್ತೋದು, ಐರಿಷಲ್ಲಿ ಉಲ್ಲ್ಯ ಅಂದ್ರೆ ಮೊಣಕೈ. 2017ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರ್ತು. ಅದರ ಶ್ರುತಿ ಕೊಳವೆಗಳು ಹಿಡಿದಿರೋ ಆಧಾರ ಸ್ವರ ಕೇಳ್ತಿದ್ರೆ ತಂಬೂರಿ ಮುಂದೆ ಕೂತ ಹಾಗಿರತ್ತೆ.

ನಂಟು ಹಳೇದೂ ಇದೆ. ಮುತ್ತುಸ್ವಾಮಿ ದೀಕ್ಷಿತರು ಕಂಪನಿ ಕಾಲದ ಬ್ಯಾಂಡ್‌ಗಳ ಧಾಟಿಗೆ ಸಂಸ್ಕೃತ ಸಾಹಿತ್ಯ ಹಾಕಿ ನೊಟ್ಟುಸ್ವರಗಳನ್ನ ಮಾಡಿದ್ರಲ್ಲ, ಅದರಲ್ಲಿ ಐರಿಷ್ ಧಾಟಿನೂ ಇದೆ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನ ನಮ್ಮ ಸಂಗೀತಕ್ಕೆ ತಂದೋರು.

ನನ್ನ ಹತ್ರ ವಯಲಿನ್ ಇದೆ, ನಾನೂ ಹೋಗಿ ಕೂರ್ಬೋದಾ?

ಮೊದಲು ನಾಲ್ಕಾರು ವಾರ ಬರೀ ಕೇಳಿ, ಅದೇ ಸೆಷನ್‌ಗೆ ಹೋಗಿ, ಮುಖ ಪರಿಚಯ ಆಗ್ಲಿ. ಎಲ್ಲಾ ಸೆಷನೂ ಎಲ್ಲರಿಗೂ ತೆರೆದಿರಲ್ಲ, ಕೆಲವಕ್ಕೆ ಪಬ್‌ನವರು ಇಬ್ಬರು ಮೂವರಿಗೆ ದುಡ್ಡು ಕೊಟ್ಟು ಕೂರಿಸಿರ್ತಾರೆ. ಕೇಳಿ ಕೂರಿ. ಗೊತ್ತಿರೋ ಟ್ಯೂನ್ ಬಂದ್ರೆ ನುಡಿಸಿ, ಗೊತ್ತಿಲ್ದಿದ್ರೆ ವಾದ್ಯ ತೊಡೆ ಮೇಲೆ ಇಡಿ. ಕಲಿಯೋರ ನಿಧಾನದ ಸೆಷನ್‌ಗಳೂ ನಡೀತವೆ, ಐರಿಷ್ ಸಂಗೀತಕ್ಕೆ ಅಂತ 1951ರಲ್ಲಿ ಶುರುವಾದ ಕೋಲ್ತಸ್ ಸಂಸ್ಥೆಯ ಶಾಖೆಗಳಲ್ಲಿ ವಿಚಾರಿಸಿ. ಶ್ರುತಿ ಮತ್ತೆ ಕಟ್ಕೋಬೇಕು, ನಮ್ಮ ಸ-ಪ-ಸ-ಪ ಇಲ್ಲಿ ನಡೆಯಲ್ಲ.

ಕಾಬಲ್‌ಸ್ಟೋನ್ ಒಡೆದು ಹೋಟೆಲ್ ಕಟ್ತಾರೆ ಅಂತ ಕೇಳಿದ್ದೆ, ಇನ್ನೂ ಇದೆಯಾ?

ಇದೆ. 2021ರಲ್ಲಿ ಪಬ್‌ನ ಮೇಲೆ ಸುತ್ತ ದೊಡ್ಡ ಹೋಟೆಲ್ ಕಟ್ಟೋ ಪ್ಲಾನ್ ಬಂತು, ಹಿಂದಿನ ರೂಮು, ಪಾಠ ನಡೆಯೋ ಜಾಗ ಎಲ್ಲಾ ಹೋಗೋದ್ರಲ್ಲಿತ್ತು. ಜನ ಬೀದಿಗಿಳಿದ್ರು, ಸಂಗೀತಗಾರರು ಶವಪೆಟ್ಟಿಗೆ ಹೊತ್ಕೊಂಡು ವಾದ್ಯ ನುಡಿಸ್ತಾ ಮೆರವಣಿಗೆ ಹೋದ್ರು. ಆ ವರ್ಷ ನವೆಂಬರಲ್ಲಿ ಡಬ್ಲಿನ್ ಸಿಟಿ ಕೌನ್ಸಿಲ್ ಪರ್ಮಿಷನ್ ಕೊಡಲ್ಲ ಅಂತು. ಅಲ್ಲಿ ಕೂತಾಗ ಒಂದು ಗ್ಲಾಸ್ ಇಟ್ಕೊಂಡು ಮೂರು ಗಂಟೆ ಕಳೆಯೋರಿಗೆ ನನ್ನ ಮನವಿ, ಕೊನೇಲಿ ಇನ್ನೊಂದು ಏನಾದ್ರೂ ತಗೊಳ್ಳಿ, ಟೀ ಆದ್ರೂ ಸರಿ. ಪಬ್ ನಡೆದ್ರೇನೇ ಆ ಮೂಲೆಗೆ ಜಾಗ.

ಬೆಂಗಳೂರಿಗೆ ವಾಪಸ್ ಹೋಗ್ತಿದೀನಿ. ಅಲ್ಲಿ ಇದೆಲ್ಲ ಸಿಗತ್ತಾ?

ಕಪ್ಪು ಬಿಯರ್ ಸಿಗತ್ತೆ, ಮೈಕ್ರೋಬ್ರೂವರಿಗಳು ಒಂದಲ್ಲ ಒಂದು ಡಾರ್ಕ್ ಇಟ್ಟಿರ್ತಾರೆ. ಕೂತು ಕೇಳೋ ಸಂಗೀತದ ಜೊತೆ ಬೇಕಂದ್ರೆ ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್‌ಗೆ ಹೋಗಿ, ಬ್ರೂವರಿ ಜೊತೆಗೇ ಜ್ಯಾಜ್‌ಗೆ ಅಂತಾನೇ ಥಿಯೇಟರ್ ಇದೆ. ಕ್ಯಾನ್ ಡ್ರಾಫ್ಟ್ ಸಿಕ್ಕಿದ್ರೆ ಅದರೊಳಗೆ ನೈಟ್ರೋಜನ್ ತುಂಬಿದ ಪುಟ್ಟ ಚೆಂಡು ಇರತ್ತೆ, ಚೆನ್ನಾಗಿ ತಣ್ಣಗೆ ಮಾಡಿ ದೊಡ್ಡ ಲೋಟಕ್ಕೆ ಒಂದೇ ಸಲ ಸುರಿದು ಕೂರೋವರೆಗೂ ಬಿಡಿ. ಸೆಷನ್ ಮಾತ್ರ ಅಲ್ಲಿ ನಂಗೆ ಸಿಕ್ಕಿಲ್ಲ. ನಾನು ಊರಿಗೆ ಹೋದಾಗ ಶನಿವಾರ ಸಂಜೆ ಅಪ್ಪನ ಭಜನೆಗೆ ಹೋಗಿ ಕಂಬಕ್ಕೆ ಒರಗಿ ಕೂರ್ತೀನಿ, ಕೈಯಲ್ಲಿ ಕಾಫಿ.